ಹಳದಿ ಕೊರಳಿನ ಮರನಾಯಿ

ಜನವರಿ ತಿಂಗಳ ಎರಡನೆಯ ವಾರ. ರೊಬಸ್ಟಾ ಕೊಯ್ಲು ಅರ್ಧಕ್ಕೆ ಬಂದಿತ್ತು. ಬೆಳಗಿನ ಹತ್ತು ಗಂಟೆಯ ಸುಮಾರಿಗೆ ತೋಡಿನ ಬದಿಯಲ್ಲಿ ಕೊಯ್ಯುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿದರು. ಕೊಯ್ಲಿನ ಹೊತ್ತಿನಲ್ಲಿ ಆಳುಗಳು ಮಾತು ನಿಲ್ಲಿಸಿದರೆ ಒಂದೋ ಆನೆ, ಇಲ್ಲವೇ ಹಾವು ಎಂಬುದು ನಮ್ಮ ಭಾಗದ ಬೆಳೆಗಾರರಿಗೆಲ್ಲ ಗೊತ್ತಿರುವ ಸಂಗತಿ. ಕಣದಲ್ಲಿ ಕಾಫಿ ಹರಡಿಸುತ್ತಿದ್ದ ನಾನು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿದೆ.

ಆನೆಯೂ ಅಲ್ಲ, ಹಾವೂ ಅಲ್ಲ. ತೋಡಿನಾಚೆಯ ದೊಡ್ಡ ಗೋಣಿಮರದ ತುದಿಯಲ್ಲಿ ಒಂದು ಕೆಂದಳಿಲು ಗಂಟಲು ಹರಿಯುವಂತೆ ಕೂಗುತ್ತಿತ್ತು. ಅದರ ಕೆಳಗೆ, ಎರಡಾಳೆತ್ತರದ ಕೊಂಬೆಯ ಮೇಲೆ, ಕಡುಕಂದು ಬಣ್ಣದ ಉದ್ದನೆಯ ಪ್ರಾಣಿಯೊಂದು ನಿಂತಿತ್ತು. "ಸಾವ್ಕಾರ್ರೇ, ಇದು ಅಳಿಲಲ್ಲ, ಬೆಕ್ಕೂ ಅಲ್ಲ, ಕೊರಳಿಗೆ ಅರಸಿನ ಮೆತ್ತಿದ ಹಾಗಿದೆ ನೋಡಿ" ಎಂದಳು ಮೇಳದ ಹಿರಿಯ ಹೆಂಗಸು. ಪ್ರಾಣಿ ನಮ್ಮನ್ನು ನೋಡಿತು. ಹೆದರಿದಂತೆ ಕಾಣಲಿಲ್ಲ. ಆಮೇಲೆ ತಲೆ ಕೆಳಗೆ ಮಾಡಿ ಬುಡದವರೆಗೆ ಸರಸರನೆ ಇಳಿದು, ಅರ್ಧದಲ್ಲಿ ಮನಸ್ಸು ಬದಲಿಸಿದಂತೆ ಪಕ್ಕದ ಹೆಬ್ಬಲಸಿಗೆ ನೆಗೆದು, ಅಲ್ಲಿಂದ ಮತ್ತೊಂದಕ್ಕೆ ಹಾರಿ, ಕಾಡಿನ ಗಡಿಯ ಕಡೆಗೆ ಹೊರಟುಹೋಯಿತು. ನೋಡಿದ್ದು ಒಂದು ನಿಮಿಷವೂ ಇರಲಾರದು.

ಇದಕ್ಕೆ ಪುಸ್ತಕಗಳಲ್ಲಿರುವ ಹೆಸರು ನೀಲಗಿರಿ ಮಾರ್ಟನ್. ನನ್ನ ಬಾಯಿಗೆ ಬಂದ ಹೆಸರು ಮರನಾಯಿ. ಆ ಹೆಸರು ನನಗೆ ಹೇಗೆ ಗೊತ್ತಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಅದು ಹೇಳಿಕೊಳ್ಳಲು ಅಷ್ಟೇನೂ ಹೆಮ್ಮೆಯ ಕತೆಯಲ್ಲ. ಮೊದಲು ಪ್ರಾಣಿಯ ಪರಿಚಯವಾಗಲಿ. ಏಕೆಂದರೆ ಕಾಡಂಚಿನಲ್ಲಿ ತೋಟ ಮಾಡಿಕೊಂಡಿರುವ ನಮ್ಮ ಸಂಘದ ಎಷ್ಟೋ ಸದಸ್ಯರು ಇದನ್ನು ನೋಡಿಯೂ "ಯಾವುದೋ ಕಬ್ಬೆಕ್ಕು" ಎಂದುಕೊಂಡು ಸುಮ್ಮನಾಗಿರುವುದು ಸಾಧ್ಯ.

ನೀರುನಾಯಿಯನ್ನು ನಮ್ಮಲ್ಲಿ ಹೊಳೆ ಬದಿಯಲ್ಲಿರುವವರೆಲ್ಲ ಬಲ್ಲರು. ನೀರುನಾಯಿ, ತರಕರಡಿ, ಮಾರ್ಟನ್ ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ಉದ್ದ ಮೈ, ಗಿಡ್ಡ ಕಾಲು, ಬಾಲದ ಬುಡದಲ್ಲಿ ವಾಸನೆಯ ಗ್ರಂಥಿ, ಮೈಗೆ ಮೀರಿದ ಧೈರ್ಯ, ಇವು ಈ ಕುಟುಂಬದ ಗುರುತುಗಳು. ಮಲೆಯಾಳಿಗಳು ನೀರಿನಲ್ಲಿರುವುದನ್ನು ನೀರ್‌ನಾಯ ಎಂದೂ ಮರದ ಮೇಲಿರುವುದನ್ನು ಮರನಾಯ ಎಂದೂ ಕರೆಯುತ್ತಾರೆ. ಹಿಮಾಲಯದಲ್ಲೂ ಅದರಾಚೆಗೂ ಇದರ ತೀರ ಹತ್ತಿರದ ನೆಂಟ ಒಂದುಂಟು. ಅದನ್ನು ಚೀನೀಯರು ಜೇನುನಾಯಿ ಎಂಬ ಅರ್ಥ ಬರುವ ಹೆಸರಿನಿಂದ ಕರೆಯುತ್ತಾರೆ. ಮೂರೂ ನಾಯಿಯಲ್ಲ. ಆದರೆ ಪ್ರಾಣಿಶಾಸ್ತ್ರದ ಗಂಧವಿಲ್ಲದ ಜನ ನೀರುನಾಯಿಗೂ ಮರನಾಯಿಗೂ ಒಂದೇ ಜಾತಿಯ ಹೆಸರಿಟ್ಟದ್ದು ಎಷ್ಟು ಸರಿಯಾಗಿದೆ ನೋಡಿ. ವಿಜ್ಞಾನಿಗಳು ತಲೆಬುರುಡೆ, ಹಲ್ಲು ಅಳೆದು ಕಂಡುಕೊಂಡ ನೆಂಟಸ್ತಿಕೆಯನ್ನು ಇವರು ನಡಿಗೆ ನೋಡಿಯೇ ಹಿಡಿದುಬಿಟ್ಟಿದ್ದಾರೆ.

ಮೂಗಿನಿಂದ ಬಾಲದ ಬುಡದವರೆಗೆ ಇದರ ಉದ್ದ 55ರಿಂದ 65 ಸೆಂಟಿಮೀಟರ್. ಬಾಲವೇ ಮತ್ತೆ 40ರಿಂದ 45 ಸೆಂಟಿಮೀಟರ್. ತೂಕ ಎರಡು ಕಿಲೋ ಆಸುಪಾಸು, ಅಂದರೆ ಒಂದು ಹದವಾದ ಊರುಕೋಳಿಯಷ್ಟು. ಮೈಯೆಲ್ಲ ಕಡುಕಂದು, ಹೆಗಲು ಮತ್ತು ಮುಂದಿನ ಭಾಗ ತುಸು ಕೆಂಪು. ಗಲ್ಲದ ಕೆಳಗಿನಿಂದ ಎದೆಯವರೆಗೆ ಹಳದಿಯಿಂದ ಕಿತ್ತಳೆಯವರೆಗಿನ ಬಣ್ಣ. ದೂರದಿಂದಲೇ ಎದ್ದು ಕಾಣುವುದು ಇದೇ. ಓಡುವಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನೆಗೆನೆಗೆದು ಓಡುತ್ತದೆ. ಮರದಿಂದ ತಲೆ ಕೆಳಗಾಗಿ ಇಳಿಯಬಲ್ಲದು. ಹಿಂಗಾಲಿನ ಹರಡನ್ನು ಹಿಂದಕ್ಕೆ ತಿರುಗಿಸಿ ಉಗುರುಗಳನ್ನು ತೊಗಟೆಗೆ ಸಿಕ್ಕಿಸಿಕೊಳ್ಳುವುದು ಮಾರ್ಟನ್ ಜಾತಿಗೆಲ್ಲ ಬಂದ ವಿದ್ಯೆ.

ಇನ್ನು ಗುರುತು ತಪ್ಪುವ ವಿಚಾರ. ಕಬ್ಬೆಕ್ಕು, ಪುನುಗುಬೆಕ್ಕುಗಳು ರಾತ್ರಿಯ ಪ್ರಾಣಿಗಳು. ಕಾಫಿ ಹಣ್ಣು ತಿಂದು ಬೀಜವನ್ನು ಕಲ್ಲಿನ ಮೇಲೆ ಹಾಕಿಹೋಗುವವು ಇವು. ಮಾರ್ಟನ್ ಹಗಲಿನದು, ಬೆಳಗ್ಗೆಯೂ ಮಧ್ಯಾಹ್ನದ ಮೇಲೂ ಚುರುಕು. ಕೆಂಗೀರ ಎಂದು ನಾವು ಕರೆಯುವ, ಕತ್ತಿನ ಪಕ್ಕ ಕಪ್ಪು ಪಟ್ಟೆಯಿರುವ ದೊಡ್ಡ ಮುಂಗುಸಿಯೂ ಹಗಲಿನದೇ, ಮೈಯೂ ಕೆಂಪು. ಆದರೆ ಅದು ನೆಲದ ಪ್ರಾಣಿ, ಬಾಲದ ತುದಿ ಮಾತ್ರ ಕಪ್ಪು. ಕೆಂದಳಿಲಿಗೆ ಹೊಟ್ಟೆಯೆಲ್ಲ ಕೆನೆಬಣ್ಣ, ಬಾಲ ಪೊರಕೆಯ ಹಾಗೆ. ಹಗಲು ಹೊತ್ತಿನಲ್ಲಿ, ಮರದ ಮೇಲೆ, ಕಡುಕಂದು ಮೈ, ಅರಸಿನದ ಕೊರಳು: ಇಷ್ಟೂ ಕೂಡಿದರೆ ಬೇರೆ ಯಾವುದೂ ಆಗಲಾರದು.

ಇದು ನಮ್ಮ ಪಶ್ಚಿಮ ಘಟ್ಟದ್ದೇ ಪ್ರಾಣಿ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಭಾರತದಲ್ಲಿ ಮಾರ್ಟನ್ ಜಾತಿಗಳು ಮೂರು. ಹಿಮಾಲಯದ ಎತ್ತರದಲ್ಲಿರುವ ಕಲ್ಲು ಮಾರ್ಟನ್ ಒಂದು, ಹಿಮಾಲಯ ಮತ್ತು ಈಶಾನ್ಯದ ಕಾಡುಗಳ ಹಳದಿ ಕೊರಳಿನ ಮಾರ್ಟನ್ ಇನ್ನೊಂದು, ಮೂರನೆಯದು ನಮ್ಮದು. ದಕ್ಷಿಣ ಭಾರತಕ್ಕೆಲ್ಲ ಇರುವುದು ಇದೊಂದೇ. ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ಹಾರ್ಸ್‌ಫೀಲ್ಡ್ ಎಂಬ ವಿದ್ವಾಂಸ 1851ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಈಗ ಮಾರ್ಟೆಸ್ ಗ್ವಾಟ್ಕಿನ್ಸಿ ಎನ್ನುತ್ತಾರೆ. ಹಿಮಾಲಯದ ನೆಂಟನಿಗೂ ಇದಕ್ಕೂ ಹೊರನೋಟದಲ್ಲಿ ಬಹಳ ಹೋಲಿಕೆ. ಹಣೆಯ ಬಳಿ ತಲೆಬುರುಡೆ ತಗ್ಗಾಗಿರುವುದು ನಮ್ಮದರ ವಿಶೇಷ.

ಹಿಮಾಲಯ ಎಲ್ಲಿ, ಬ್ರಹ್ಮಗಿರಿ ಎಲ್ಲಿ? ನಡುವೆ ಬಯಲುಸೀಮೆ, ಹೊಲ, ಒಣಗಾಡು. ಮರದಿಂದ ಮರಕ್ಕೆ ಹೋಗುವ ಪ್ರಾಣಿ ಇಷ್ಟು ದೂರ ಹೇಗೆ ಬಂತು ಎಂಬ ಪ್ರಶ್ನೆ ಬಹಳ ಜನರನ್ನು ಕಾಡಿದೆ. ಮಾರ್ಟನ್ ಒಂದೇ ಅಲ್ಲ, ಬೆಟ್ಟದಾಡು ಕೂಡ ಹೀಗೆಯೇ. ಹಿಮಾಲಯದಲ್ಲಿ ಒಂದು ಬಗೆ, ನೀಲಗಿರಿಯಲ್ಲಿ ಇನ್ನೊಂದು. ಬೆಟ್ಟದ ತೊರೆಗಳ ಮೀನುಗಳನ್ನು ಅಭ್ಯಾಸ ಮಾಡಿದ ಸುಂದರ್ ಲಾಲ್ ಹೋರಾ ಎಂಬ ನಮ್ಮ ದೇಶದ ವಿಜ್ಞಾನಿ 1949ರ ಸುಮಾರಿಗೆ ಒಂದು ವಾದ ಹೂಡಿದ. ಸಾತ್ಪುರ ಬೆಟ್ಟಸಾಲು ಒಂದು ಕಾಲಕ್ಕೆ ತೇವವುಳ್ಳ ಕಾಡಿನಿಂದ ಮುಚ್ಚಿತ್ತು, ಪೂರ್ವ ಹಿಮಾಲಯದ ಕಡೆಯ ಜೀವಿಗಳು ಆ ಸೇತುವೆಯ ಮೇಲೆ ಪಶ್ಚಿಮ ಘಟ್ಟಕ್ಕೆ ಬಂದವು, ಹವೆ ಒಣಗಿದ ಮೇಲೆ ಸೇತುವೆ ಕಡಿದು ಎರಡೂ ಕಡೆಯವು ಬೇರೆಬೇರೆಯಾದವು ಎಂಬುದು ಅದರ ಸಾರ. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೂ ಒಂದು ಮಾತು ಸತ್ಯ: ದಾರಿ ಕಡಿದುಹೋದ ಪ್ರಾಣಿ ಇದು. ಉತ್ತರಕ್ಕೆ ಹೋಗುವ ದಾರಿ ಇಲ್ಲ, ಬಯಲಿಗೆ ಇಳಿಯುವ ದಾರಿ ಇಲ್ಲ. ಘಟ್ಟದ ಕಾಡು ಎಷ್ಟಿದೆಯೋ ಅಷ್ಟೇ ಅದರ ಪ್ರಪಂಚ.

ಆ ಪ್ರಪಂಚವಾದರೂ ಎಷ್ಟು? ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ಕೊಡಗು ಮತ್ತು ಅದಕ್ಕೆ ಹೊಂದಿದ ಘಟ್ಟಗಳು. ಆಮೇಲೆ ಕೇರಳ, ತಮಿಳುನಾಡುಗಳ ಬೆಟ್ಟಗಳಲ್ಲಿ ನೀಲಗಿರಿ, ಆನೆಮಲೆ, ಪೆರಿಯಾರ್ ದಾಟಿ ದಕ್ಷಿಣದ ತುದಿಯವರೆಗೆ. ಸಮುದ್ರಮಟ್ಟದಿಂದ 300 ಮೀಟರ್ ಎತ್ತರದಿಂದ 2600 ಮೀಟರ್‌ವರೆಗೆ ಕಂಡವರಿದ್ದಾರೆ. ಹೆಚ್ಚಾಗಿ ಎತ್ತರದ ನಿತ್ಯಹಸಿರಿನ ಕಾಡು, ಶೋಲೆಗಳು ಇದಕ್ಕೆ ಇಷ್ಟ. ಎಲ್ಲಿಯೂ ಗುಂಪು ಗುಂಪಾಗಿಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ. ಇಪ್ಪತ್ತನೆಯ ಶತಮಾನವೆಲ್ಲ ಸೇರಿ ಇದರ ಬಗ್ಗೆ ಬರೆದ ಟಿಪ್ಪಣಿಗಳು ಬೆರಳೆಣಿಕೆಯವು ಎಂದರೆ ತಪ್ಪಾಗಲಾರದು. ಕಾಡಿನಲ್ಲಿ ಮರಕ್ಕೆ ಕಟ್ಟಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳು ಬಂದಮೇಲೆ ಅಲ್ಲಿ ಇಲ್ಲಿ ಒಂದೊಂದು ಚಿತ್ರ ಸಿಕ್ಕುತ್ತಿದೆ. ಅಪಾಯಕ್ಕೆ ಸಿಲುಕಬಹುದಾದ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಕೊಲ್ಲುವುದೂ ಹಿಡಿಯುವುದೂ ಅಪರಾಧ.

ಈಗ ನನ್ನ ಕತೆಗೆ ಬರುತ್ತೇನೆ.

1984ರಲ್ಲಿ ನಮ್ಮ ಮನೆಯಲ್ಲಿ ಹನ್ನೆರಡು ಜೇನುಪೆಟ್ಟಿಗೆಗಳಿದ್ದವು. ಅಪ್ಪನಿಗೆ ಕಾಫಿಗಿಂತ ಜೇನಿನ ಮೇಲೆ ಅಕ್ಕರೆ ಹೆಚ್ಚು. ಆ ದಿನಗಳಲ್ಲಿ ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೆ ಕೊಡಬೇಕಾಗಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಜೇನಿನ ದುಡ್ಡು ಕೈಗೆ ಕೈ. ಮಕ್ಕಳ ಫೀಸು, ಹಬ್ಬದ ಬಟ್ಟೆ ಎಲ್ಲ ಅದರಲ್ಲೇ. ಆ ವರ್ಷ ಹೂಮಳೆ ಚೆನ್ನಾಗಿ ಬಂದು ಕಾಫಿ ಹೂವು ಬಿಳಿ ಚೆಲ್ಲಿದಂತೆ ಅರಳಿತ್ತು. ಜೇನು ತುಂಬುತ್ತಿದ್ದ ಹಾಗೆಯೇ ಪೆಟ್ಟಿಗೆಗಳು ಒಂದೊಂದಾಗಿ ಕವುಚಿಬೀಳತೊಡಗಿದವು. ಮುಚ್ಚಳ ಒಂದು ಕಡೆ, ಚೌಕಟ್ಟು ಒಂದು ಕಡೆ, ರೊಟ್ಟು ಹರಿದು ಚೂರುಚೂರು. ಕರಡಿಯಾಗಿದ್ದರೆ ಪೆಟ್ಟಿಗೆಯೇ ಪುಡಿಯಾಗುತ್ತಿತ್ತು. ಮೂರು ಪೆಟ್ಟಿಗೆ ಹೀಗೆ ಹೋದಮೇಲೆ ಅಪ್ಪ ನನ್ನನ್ನು ಕಾವಲು ಕೂರಿಸಿದರು. ಕೋವಿ ನೆರೆಯವರದು. ಮೂರನೆಯ ದಿನ, ಹಾಡುಹಗಲಿನಲ್ಲಿ, ಕೊಂಬೆಯಿಂದ ಪೆಟ್ಟಿಗೆಯ ಮೇಲೆ ಅದು ಇಳಿಯಿತು. ನೊಣಗಳು ಮೈಗೆಲ್ಲ ಮುತ್ತಿದರೂ ಅದು ಲೆಕ್ಕಿಸಲಿಲ್ಲ. ನಾನು ಕೈ ತೋರಿಸಿದೆ. ಈಡು ಹೊಡೆದವರು ಬೇರೆಯವರು. ಆದರೆ ಕೈ ತೋರಿಸಿದವನು ನಾನು.

ಬಿದ್ದ ಪ್ರಾಣಿಯನ್ನು ಕಣಕ್ಕೆ ತಂದು ಹಾಕಿದರು. ಇಡೀ ತೋಟದ ಜನ ಬಂದು ನೋಡಿದರು. ಯಾರಿಗೂ ಹೆಸರು ತಿಳಿಯಲಿಲ್ಲ. ವಯನಾಡಿನ ಕಡೆಯಿಂದ ಬಂದು ನಮ್ಮಲ್ಲಿ ಗುಂಡಿ ತೆಗೆಯುತ್ತಿದ್ದ ಅಜ್ಜನೊಬ್ಬ ಮಾತ್ರ "ಮರನಾಯ" ಎಂದ. ಅಷ್ಟೇ ಹೇಳಿ ಗುದ್ದಲಿ ತೆಗೆದುಕೊಂಡು ಹೊರಟುಹೋದ. ಕಾಯಿದೆ ಆಗ ಬಂದು ಹನ್ನೆರಡು ವರ್ಷವಾಗಿತ್ತು. ನಮಗೆ ಹುಲಿಗೂ ಆನೆಗೂ ಕಾಯಿದೆಯುಂಟು ಎಂದು ಗೊತ್ತಿತ್ತು; ಹೆಸರೇ ಗೊತ್ತಿಲ್ಲದ ಪ್ರಾಣಿಗೂ ಉಂಟೆಂದು ಯಾರು ಯೋಚಿಸುತ್ತಾರೆ?

ಅದು ನಿರಪರಾಧಿಯಾಗಿತ್ತೆಂದು ನಾನು ಹೇಳುತ್ತಿಲ್ಲ. ಮಾರ್ಟನ್ ಜೇನು ತಿನ್ನುತ್ತದೆ. ನಮ್ಮ ಪೆಟ್ಟಿಗೆ ಬೀಳಿಸಿದ್ದು ಅದೇ. ಅದನ್ನು ಕೊಂದಮೇಲೆ ಪೆಟ್ಟಿಗೆ ಬೀಳುವುದು ನಿಂತಿದ್ದೂ ನಿಜ. ಉಳಿದ ಒಂಬತ್ತು ಪೆಟ್ಟಿಗೆಗಳು ಏಳು ವರ್ಷ ಚೆನ್ನಾಗಿ ನಡೆದವು. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಜೇನಿಗೆಲ್ಲ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ಹರಡಿತಲ್ಲ, ಅದು ಹಳೆಯ ಸದಸ್ಯರಿಗೆಲ್ಲ ನೆನಪಿರಬಹುದು. ಮರಿಹುಳುಗಳು ಗೂಡಿನಲ್ಲೇ ನೀರು ತುಂಬಿದ ಚೀಲದಂತಾಗಿ ಸತ್ತವು. ಒಂದು ಮಳೆಗಾಲ ಕಳೆಯುವುದರೊಳಗೆ ನಮ್ಮ ಒಂಬತ್ತೂ ಬರಿದಾದವು. ಅಪ್ಪ ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿಸಿದರು. ಆಮೇಲೆ ಜೇನಿನ ಮಾತು ಆಡಲಿಲ್ಲ.

1984ರಿಂದ ಮೊನ್ನೆಯ ಜನವರಿಯವರೆಗೆ ನಾನು ನಮ್ಮ ತೋಟದಲ್ಲಿ ಇನ್ನೊಂದು ಮರನಾಯಿ ನೋಡಲಿಲ್ಲ. ಸುಮಾರು ನಲವತ್ತು ವರ್ಷ. ಒಂದು ಪ್ರಾಣಿ ಹೋದರೆ ಜಾಗ ಬೇಗ ತುಂಬಲು ಇವೇನು ಇಲಿಗಳಲ್ಲ. ಬೇಟೆಯಾಡಿ ಬದುಕುವ ಪ್ರಾಣಿಗೆ ಬಹಳ ವಿಸ್ತಾರವಾದ ಕಾಡು ಬೇಕು. ಒಂದು ಬೆಟ್ಟದ ಮಗ್ಗುಲಲ್ಲಿ ಇರುವುದೇ ಕೆಲವು.

ಮರನಾಯಿ ತಿನ್ನುವುದು ಜೇನೊಂದನ್ನೇ ಅಲ್ಲ. 1940ರ ದಶಕದಲ್ಲಿ ಹಟನ್ ಎಂಬವರು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಇದರ ಊಟದ ಬಗ್ಗೆ ಟಿಪ್ಪಣಿ ಬರೆದಿದ್ದರು. ಅವರಿಂದಲೂ ಆಮೇಲೆ ಕಂಡವರಿಂದಲೂ ತಿಳಿದುಬಂದದ್ದು: ಕಾಗೆ ಮೊದಲಾದ ಹಕ್ಕಿಗಳು, ಇಲಿ, ಕೆಂದಳಿಲು, ಉಡ, ಕೂರ ಎಂದು ನಾವು ಕರೆಯುವ ಬರ್ಕ, ಕಡೆಗೆ ಬೇಸಗೆಯಲ್ಲಿ ಕಿವಿ ಕಿತ್ತುಹೋಗುವಂತೆ ಕಿರುಗುಟ್ಟುವ ಜೀರುಂಡೆಯವರೆಗೆ. ಜೊತೆಗೆ ಹಣ್ಣು ಹಂಪಲು. ಎರಡು ಕಿಲೋ ತೂಗುವ ಪ್ರಾಣಿ ತನಗಿಂತ ತೂಕದ ಬರ್ಕವನ್ನು ಹಿಡಿಯುವುದೆಂದರೆ ಸಾಮಾನ್ಯ ಮಾತಲ್ಲ.

ಕೆಂದಳಿಲು ಎಂದ ಕೂಡಲೇ ಅಡಿಕೆ, ಕೊಕ್ಕೊ ಬೆಳೆಯುವ ಸದಸ್ಯರು ಕಿವಿ ನಿಮಿರಿಸುತ್ತಾರೆಂದು ಬಲ್ಲೆ. ಕೊಕ್ಕೊ ಕಾಯಿಗೆ ತೂತು ಕೊರೆದು ಒಳಗಿನದನ್ನೆಲ್ಲ ಖಾಲಿ ಮಾಡುವ ಅಳಿಲಿನ ಶತ್ರು ಎಂದರೆ ನಮ್ಮ ಮಿತ್ರನಲ್ಲವೇ? ಐರ್ಲೆಂಡಿನಲ್ಲಿ ಹೀಗೆ ಒಂದು ನಡೆದದ್ದುಂಟು. ಅಲ್ಲಿನ ಪೈನ್ ಮಾರ್ಟನ್ ಬೇಟೆಯಿಂದ ಕ್ಷೀಣಿಸಿ ಮತ್ತೆ ಚೇತರಿಸಿಕೊಂಡ ಪ್ರದೇಶಗಳಲ್ಲಿ, ಅಮೆರಿಕದಿಂದ ತಂದುಬಿಟ್ಟಿದ್ದ ಬೂದು ಅಳಿಲುಗಳು ಕಡಿಮೆಯಾಗಿ, ಆ ನಾಡಿನ ಕೆಂಪು ಅಳಿಲುಗಳು ಹಿಂದಿರುಗಿದವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕೇಳಲು ಸೊಗಸು. ಆದರೆ ನಮ್ಮ ಮರನಾಯಿ ನಿಮ್ಮ ಅಡಿಕೆ ತೋಟದ ಅಳಿಲು ಹಿಡಿದು ಕೊಡುತ್ತದೆಂದು ನಾನು ಆಸೆ ಹುಟ್ಟಿಸಲಾರೆ. ಅಷ್ಟು ಸಂಖ್ಯೆಯೇ ಅದಕ್ಕಿಲ್ಲ. ಮಂಗ ಕೆಡವುವ ಎಳೆ ಅಡಿಕೆಗಂತೂ ಅದರಿಂದ ಏನೂ ಉಪಯೋಗವಿಲ್ಲ. ಲಾಭದ ಲೆಕ್ಕ ತೋರಿಸಿ ಪ್ರಾಣಿ ಉಳಿಸಿ ಎನ್ನುವ ಬರಹಗಳು ಈಚೆಗೆ ಹೆಚ್ಚಾಗಿವೆ. ಲೆಕ್ಕ ಕೂಡದ ಪ್ರಾಣಿಗಳ ಗತಿಯೇನು ಎಂದು ಅವುಗಳನ್ನು ಓದುವಾಗೆಲ್ಲ ನನಗೆ ಅನಿಸುತ್ತದೆ.

ನಿಜವಾದ ಪ್ರಶ್ನೆ ಬೇರೆ. ಬ್ರಹ್ಮಗಿರಿ ಅಭಯಾರಣ್ಯವಾದದ್ದು 1974ರಲ್ಲಿ, ಪುಷ್ಪಗಿರಿ ಮತ್ತು ತಲಕಾವೇರಿ 1987ರಲ್ಲಿ. ನಕ್ಷೆಯಲ್ಲಿ ನೋಡಿದರೆ ಇವು ಘಟ್ಟದ ನೆತ್ತಿಯ ಮೇಲೆ ಉದ್ದಕ್ಕೆ ಮಲಗಿರುವ ಕಿರಿದಾದ ಪಟ್ಟಿಗಳು. ಅವುಗಳ ಮಗ್ಗುಲಿಗೆ ಅಂಟಿಕೊಂಡಿರುವುದು ನಮ್ಮ ಕಾಫಿ, ಏಲಕ್ಕಿ ತೋಟಗಳು. ಮರನಾಯಿಗೆ ಗಡಿಕಲ್ಲು ಓದಲು ಬರುವುದಿಲ್ಲ. ಕಾಡಿಗೆ ಹೊಂದಿದ ತೋಟಗಳಲ್ಲಿ, ಏಲಕ್ಕಿ ಮಲೆಗಳಲ್ಲಿ, ಚಹಾ ತೋಟದ ನಡುವಿನ ಶೋಲೆಗಳಲ್ಲಿ ಅದನ್ನು ಕಂಡದ್ದು ದಾಖಲಾಗಿದೆ. ಅದಕ್ಕೆ ಬೇಕಾದದ್ದು ಮೇಲೆ ಒಂದಕ್ಕೊಂದು ಕೈ ಹಿಡಿದ ಕೊಂಬೆಗಳು, ವರ್ಷದುದ್ದಕ್ಕೂ ಏನಾದರೊಂದು ಹಣ್ಣಾಗುವ ಬಗೆಬಗೆಯ ಮರಗಳು, ಮತ್ತು ಪೊಟರೆಯಿರುವ ಹಳೆಯ ಮರಗಳು. ಮರಿ ಹಾಕಲು ಮರದ ಪೊಟರೆಯನ್ನು ಹುಡುಕುವುದು ಮಾರ್ಟನ್ ಕುಲದ ರೂಢಿ. ಯೂರೋಪಿನ ಪೈನ್ ಮಾರ್ಟನ್ನಿನ ವಿಷಯ ಚೆನ್ನಾಗಿ ತಿಳಿದಿದೆ: ಬೇಸಗೆಯಲ್ಲಿ ಕೂಡಿದ ಮೇಲೆ ಭ್ರೂಣ ಬೆಳೆಯದೆ ತಿಂಗಳುಗಟ್ಟಲೆ ಸುಮ್ಮನಿದ್ದು, ಚಳಿ ಕಳೆಯುವ ಹೊತ್ತಿಗೆ ಬೆಳೆಯಲು ತೊಡಗಿ, ಮರಿಗಳು ವಸಂತಕ್ಕೆ ಹುಟ್ಟುತ್ತವೆ. ವರ್ಷಕ್ಕೆ ಒಂದೇ ಸೂಲು. ಆ ಒಂದು ಸೂಲಿಗೆ ಪೊಟರೆ ಸಿಕ್ಕದಿದ್ದರೆ ಆ ವರ್ಷ ಹೋಯಿತು.

ನಮ್ಮ ಅಜ್ಜಂದಿರು ಕಾಡಿನ ಮರದ ಕೆಳಗೇ ಕಾಫಿ ಹಾಕಿದರು. ನಂದಿ, ಹೊನ್ನೆ, ಬೀಟೆ, ಮತ್ತಿ, ಅತ್ತಿ, ಬಸರಿ, ಗೋಣಿ, ಹೆಬ್ಬಲಸು ಎಲ್ಲ ಉಳಿದವು. ಈಗ ಸಿಲ್ವರ್ ಓಕ್ ಕಾಲ. ಆಸ್ಟ್ರೇಲಿಯಾದ ಈ ಮರ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಹಿತ, ಕಡಿಯಲು ಸಾಗಿಸಲು ಕಾಡುಮರದಷ್ಟು ಅನುಮತಿಯ ತಾಪತ್ರಯವಿಲ್ಲ. ಜಮ್ಮಾ, ಬಾಣೆ ಭೂಮಿಯ ಮರದ ಹಕ್ಕಿನ ಗೋಜಲು ಗೊತ್ತಿರುವ ಯಾರೂ ಬೆಳೆಗಾರನನ್ನು ದೂರಲಾರರು. ತಾನು ನೀರೆರೆದು ಕಾಪಾಡಿದ ಮರ ತನ್ನದಲ್ಲ ಎಂದಾಗ ಹೊಸ ಸಸಿ ನೆಡುವ ಕೈಗೆ ಸಿಲ್ವರ್ ಓಕ್ ಸಿಕ್ಕುವುದು ಸಹಜ. ನಾನೂ ನೆಟ್ಟಿದ್ದೇನೆ. ಆದರೆ ಅದರಲ್ಲಿ ತಿನ್ನುವ ಹಣ್ಣಿಲ್ಲ, ನೇರ ಕಾಂಡದಲ್ಲಿ ಪೊಟರೆಯಾಗುವಷ್ಟು ವಯಸ್ಸಿಗೆ ನಾವು ಅದನ್ನು ಬಿಡುವುದಿಲ್ಲ, ಕೊಂಬೆಗೆ ಕೊಂಬೆ ತಾಗುವುದೂ ಕಡಿಮೆ. ಸಾಲಾಗಿ ನೆಟ್ಟ ಸಿಲ್ವರ್ ಓಕ್ ತೋಟ ಮರನಾಯಿಗೆ ಬಯಲುಸೀಮೆಯೇ ಸರಿ.

ನೆರಳು ಕಡಿಯಬೇಡಿ ಎಂದು ನಾನು ಬರೆದರೆ ರೊಬಸ್ಟಾ ಬೆಳೆಯುವವರು ನಗುತ್ತಾರೆ. ಬಿಸಿಲು ಬೀಳದಿದ್ದರೆ ಕಾಯಿ ಕಟ್ಟುವುದಿಲ್ಲ, ಮಳೆಗಾಲದಲ್ಲಿ ಕೊಳೆರೋಗ ಬೇರೆ. ಮರಗಸಿ ಆಗಲೇಬೇಕು. ನಾನು ಈಗ ಐದಾರು ವರ್ಷಗಳಿಂದ ಮಾಡುತ್ತಿರುವುದು ಇಷ್ಟೇ: ತೋಡಿನ ಎರಡೂ ದಡದಲ್ಲಿ ಒಂದೊಂದು ಸಾಲು ಮರಗಳಿಗೆ ಕತ್ತಿ ಹಾಕಿಸುವುದಿಲ್ಲ. ಅಲ್ಲಿ ಹೇಗೂ ಕಾಫಿ ಚೆನ್ನಾಗಿ ಬರುವುದಿಲ್ಲ, ಜೌಗು. ಆ ಸಾಲು ಮೇಲೆ ಕಾಡಿನ ಗಡಿಗೆ ಮುಟ್ಟುತ್ತದೆ, ಕೆಳಗೆ ನೆರೆಯವರ ತೋಟದ ತೋಡಿಗೆ. ಮೊನ್ನೆ ಮರನಾಯಿ ಹೋದದ್ದು ಅದೇ ಸಾಲಿನಲ್ಲಿ. ಇದರಿಂದ ಫಸಲು ಎಷ್ಟು ಕಡಿಮೆಯಾಯಿತು ಎಂದು ಕೇಳುವಿರಿ. ಗದ್ದೆಯ ಕಡೆಯ ನಾಲ್ಕೈದು ಸಾಲು ಗಿಡಗಳಲ್ಲಿ ಸ್ವಲ್ಪ ಕಡಿಮೆ ಕಂಡಿದೆ. ಬೇಸಗೆಯಲ್ಲಿ ತೋಡಿನ ನೀರು ಮಾತ್ರ ಮೊದಲಿಗಿಂತ ಹೆಚ್ಚು ದಿನ ನಿಲ್ಲುತ್ತದೆ. ಎರಡನ್ನೂ ನಾನು ಅಳತೆ ಮಾಡಿ ನೋಡಿಲ್ಲ, ಕಣ್ಣಂದಾಜು.

ಕೋವಿಯ ಕಾಲ ಬಹುಮಟ್ಟಿಗೆ ಹೋಯಿತು. ಅದಕ್ಕಿಂತ ಕೆಟ್ಟದ್ದು ಎರಡು ಬಂದಿವೆ. ಒಂದು ಉರುಳು. ಹಂದಿಗೆಂದು ಬೈಕಿನ ಕ್ಲಚ್ ತಂತಿಯಿಂದ ಬೇಲಿ ಸಂದಿನಲ್ಲಿ ಉರುಳು ಕಟ್ಟುತ್ತಾರೆ. ಮರನಾಯಿ ನೆಲಕ್ಕೂ ಇಳಿಯುವ ಪ್ರಾಣಿ; ಉರುಳಿಗೆ ಹಂದಿ ಯಾವುದು, ಬರ್ಕ ಯಾವುದು, ನಮ್ಮದೇ ನಾಯಿ ಯಾವುದು ಎಂದು ತಿಳಿಯುವುದಿಲ್ಲ. ಇನ್ನೊಂದು ವಿಷ. ಬಾಳೆಹಣ್ಣಿನೊಳಗೆ ಹರಳು ಔಷಧಿ ತುಂಬಿ ಮಂಗನಿಗೂ ಅಳಿಲಿಗೂ ಇಡುವವರು ನಮ್ಮ ನಡುವೆ ಇದ್ದಾರೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ವಿಷ ತಿಂದು ತೂಕಡಿಸುವ ಇಲಿ, ಅಳಿಲುಗಳು ಬೇಟೆಗಾರ ಪ್ರಾಣಿಗೆ ಸುಲಭವಾಗಿ ಸಿಕ್ಕುತ್ತವೆ. ಹಣ್ಣನ್ನು ಮೂಸದೆ ಹೋದರೂ ಹಣ್ಣು ತಿಂದದ್ದನ್ನು ತಿಂದು ಸಾಯುತ್ತದೆ. ಅದು ಎಲ್ಲೋ ಪೊದೆಯಲ್ಲಿ ಸಾಯುವುದರಿಂದ ಇಟ್ಟವರಿಗೆ ಗೊತ್ತೂ ಆಗುವುದಿಲ್ಲ. ನಾನಾದರೋ ನಾನು ಕೊಲ್ಲಿಸಿದ ಪ್ರಾಣಿಯ ಮುಖ ನೋಡಿದ್ದೇನೆ.

ನಾಯಿಗಳ ಬಗ್ಗೆಯೂ ಒಂದು ಮಾತು. ಲೈನ್ ಮನೆಗಳ ಸುತ್ತ, ಕಣದ ಕಾವಲಿಗೆ ನಾವು ಸಾಕುವ ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ ನೀರುನಾಯಿ, ಮಾರ್ಟನ್ ಕುಟುಂಬಕ್ಕೂ ತಗಲುತ್ತದೆ, ತಗಲಿದರೆ ಮಾರಕ. ಹುಚ್ಚುನಾಯಿ ಲಸಿಕೆಗೆ ಪಶುವೈದ್ಯರ ಬಳಿ ಹೋದಾಗ ಡಿಸ್ಟೆಂಪರ್ ಲಸಿಕೆಯನ್ನೂ ಕೇಳಿ ಹಾಕಿಸಿಕೊಳ್ಳಬಹುದು. ನಿಮ್ಮ ನಾಯಿಯೂ ಉಳಿಯುತ್ತದೆ.

ಜೇನು ಸಾಕುವವರಿಗೆ ಹೇಳುವುದಿದೆ, ಏಕೆಂದರೆ ನಾನು ಎರಡು ವರ್ಷದ ಹಿಂದೆ ಅಟ್ಟದಿಂದ ಪೆಟ್ಟಿಗೆ ಇಳಿಸಿ ಮತ್ತೆ ಶುರುಮಾಡಿದ್ದೇನೆ. ಈಗ ನಾಲ್ಕು ಇವೆ. ಪೆಟ್ಟಿಗೆಯನ್ನು ಮರಕ್ಕೆ ಆನಿಸಿ ಇಡಬಾರದು. ಸುತ್ತ ಹತ್ತು ಹನ್ನೆರಡಡಿ ದೂರದೊಳಗೆ ನೆಗೆಯಲು ಕೊಂಬೆ ಇರಬಾರದು. ಕಬ್ಬಿಣದ ಕೊಳವೆಯನ್ನು ನೆಟ್ಟು ಅದರ ಮೇಲೆ ಪೀಠ ಮಾಡಿ, ಕೊಳವೆಯ ನಡುವಿಗೆ ಹಳೆಯ ತಗಡನ್ನು ಕೊಡೆಯಂತೆ ಬಾಗಿಸಿ ಕಟ್ಟಿದರೆ ಉಗುರಿಗೆ ಹಿಡಿತ ಸಿಕ್ಕುವುದಿಲ್ಲ. ಇರುವೆಗೂ ತಡೆ ಬೇಕಾದರೆ ಕೊಳವೆಯ ಬುಡಕ್ಕೆ ಎಂದಿನಂತೆ ನೀರಿನ ಬಟ್ಟಲು. ಮುಚ್ಚಳದಿಂದ ತಳದವರೆಗೆ ಸುತ್ತಿ ತಂತಿ ಬಿಗಿದರೆ ಕವುಚಿದರೂ ಬಿಚ್ಚಿಕೊಳ್ಳುವುದಿಲ್ಲ. ಒಂದು ಪೀಠಕ್ಕೆ ತಗಲುವ ಖರ್ಚು ಒಂದು ಪೆಟ್ಟಿಗೆ ಕಳೆದುಕೊಂಡರೆ ಆಗುವ ನಷ್ಟಕ್ಕಿಂತ ಬಹಳ ಕಡಿಮೆ. ಅಪ್ಪನ ಕಾಲದಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ಅವರು ಮಾಡುತ್ತಿದ್ದರು, ನನಗೆ ಗೊತ್ತು. ಅವರು ಪ್ರಾಣಿಹಿಂಸೆಯ ಮನುಷ್ಯರಲ್ಲ. ಆ ದಿನ ರಾತ್ರಿ ಅವರು ಊಟಕ್ಕೆ ಏಳಲಿಲ್ಲ.

ಸಂಘದ ಕಾರ್ಯದರ್ಶಿಗಳೊಡನೆ ಮಾತಾಡಿದ್ದೇನೆ. ಗೊಬ್ಬರದ ಕೌಂಟರಿನ ಪಕ್ಕದ ಮೇಜಿನ ಮೇಲೆ ಒಂದು ನೋಟ್ ಪುಸ್ತಕ ಇಡಲು ಒಪ್ಪಿದ್ದಾರೆ. ಮರನಾಯಿಯನ್ನು ಕಂಡವರು ದಿನಾಂಕ, ಹೊತ್ತು, ಊರು, ಯಾವ ಮರ, ಒಂಟಿಯೋ ಜೋಡಿಯೋ, ಏನು ಮಾಡುತ್ತಿತ್ತು ಎಂದು ಅದರಲ್ಲಿ ಬರೆಯಬೇಕು. ತೋಟದಲ್ಲಿ ಕಂಡಿತು ಎಂದು ಬರೆದರೆ ಅರಣ್ಯ ಇಲಾಖೆಯವರು ಬಂದು ತೋಟ ಕಿತ್ತುಕೊಳ್ಳುತ್ತಾರೆ ಎಂದು ಕೆಲವರು ಅಂಜುತ್ತಾರೆ. ಕಂಡದ್ದನ್ನು ಬರೆದದ್ದಕ್ಕೆ ಯಾರ ಪಟ್ಟೆಯೂ ರದ್ದಾಗುವುದಿಲ್ಲ. ಅಷ್ಟಾಗಿಯೂ ಮನಸ್ಸು ಒಪ್ಪದವರು ಹೆಸರು ಬರೆಯದೆ ಊರು ಮಾತ್ರ ಬರೆದರೂ ಸಾಕು. ಕಾಣದೆ ಕಂಡೆ ಎಂದು ಬರೆಯುವುದು ಬೇಡ. ಕಬ್ಬೆಕ್ಕನ್ನು ಕಂಡಿದ್ದರೆ ಕಬ್ಬೆಕ್ಕು ಎಂದೇ ಬರೆಯಿರಿ.

ಮೊದಲನೆಯ ಪುಟದಲ್ಲಿ ನಾನು ಎರಡು ಸಾಲು ಬರೆದಿದ್ದೇನೆ. ಒಂದು ಈ ಜನವರಿಯದು: ಬೆಳಗ್ಗೆ ಹತ್ತು ಗಂಟೆ, ಗೋಣಿಮರ, ಒಂಟಿ, ಕೆಂದಳಿಲನ್ನು ಅಟ್ಟುತ್ತಿತ್ತು. ಇನ್ನೊಂದು 1984ರದು: ಹೂಮಳೆಯ ನಂತರ, ಹಗಲು, ಜೇನುಪೆಟ್ಟಿಗೆಯ ಮೇಲೆ, ಒಂಟಿ, ಕೊಲ್ಲಲಾಯಿತು.